ಹಂಪಿಯ ಕಲ್ಲಿನ ರಥ ಒಂದೇ ಬಂಡೆಯದಲ್ಲ

ಹಂಪಿ ಪ್ರವಾಸದ ವಾಟ್ಸಾಪ್ ಸಂದೇಶಗಳಲ್ಲಿ ಒಂದು ಮಾತು ಓಡಾಡುತ್ತಿದೆ: ವಿಠ್ಠಲ ದೇವಸ್ಥಾನದ ಕಲ್ಲಿನ ರಥವನ್ನು ಒಂದೇ ಬಂಡೆಯಲ್ಲಿ ಕೆತ್ತಿದ್ದಾರೆ ಅಂತ. ಅದು ನಿಜವಲ್ಲ. ಹಲವು ಗ್ರಾನೈಟ್ ಕಲ್ಲುಗಳನ್ನು ಜೋಡಿಸಿ ಕಟ್ಟಿದ ಗರುಡನ ಗುಡಿ ಅದು. ಸಂದುಗಳು ಕೆತ್ತನೆಯೊಳಗೆ ಎಷ್ಟು ಚೆನ್ನಾಗಿ ಅಡಗಿವೆ ಅಂದರೆ, ಸುಮ್ನೆ ನೋಡಿದರೆ ಕಾಣುವುದೇ ಇಲ್ಲ. ನನಗಂತೂ ಒಂದೇ ಬಂಡೆ ಕೆತ್ತುವುದಕ್ಕಿಂತ ಇದೇ ಜಾಸ್ತಿ ಕಷ್ಟದ ಕೆಲಸ ಅನ್ನಿಸುತ್ತದೆ.

ಮೇಲೆ ಇಟ್ಟಿಗೆಯ ಗೋಪುರವೂ ಇತ್ತು. 1856ರ ಫೋಟೋದಲ್ಲಿ ಕಾಣುತ್ತದೆ. ಮುಂದಿರುವ ಆನೆಗಳು ಆಮೇಲೆ ತಂದಿಟ್ಟವು. ಅವುಗಳ ಹಿಂದೆ ಬಗ್ಗಿ ನೋಡಿ, ಮೊದಲಿದ್ದ ಕುದುರೆಗಳ ಹಿಂಗಾಲು, ಬಾಲದ ಗುರುತು ಇನ್ನೂ ಇದೆ. ನೋಡುವಾಗ ರಥವನ್ನು ಮಾತ್ರ ಹತ್ತಬೇಡಿ.