ಕಚೇರಿ ಗೋಡೆಯ ಮೊಳೆ

ಪಹಣಿಯಲ್ಲಿ ಅಜ್ಜನ ಹೆಸರು ತಪ್ಪಾಗಿತ್ತು. ಆಷಾಢದ ಮಳೆಯಲ್ಲೇ ಸರ್ಕಾರಿ ಕಚೇರಿಯೊಂದಕ್ಕೆ ಹೋದೆ. ಗುಮಾಸ್ತರ ತಲೆಯ ಮೇಲೆ ಗೋಡೆ ತುಂಬಾ ಪಟಗಳು: ಗಣಪತಿ, ಲಕ್ಷ್ಮಿ, ಸಿಗಂದೂರು ಚೌಡೇಶ್ವರಿ, ಆಚೆ ಗಾಂಧೀಜಿ, ಅಂಬೇಡ್ಕರ್. ಚೌಡೇಶ್ವರಿಗೆ ಆ ದಿನದ ದಾಸವಾಳ. ಗಾಂಧೀಜಿಗೆ ಅಕ್ಟೋಬರ್ 2ರ ಹಾರ; ಹೂವುದುರಿ ದಾರವಷ್ಟೇ ಉಳಿದಿತ್ತು. ನಾನು ಕೈ ಮುಗಿದೆ. ದೇವಿಗೋ ಗುಮಾಸ್ತರಿಗೋ ಎಂದು ಕೇಳಿದರೆ ಹೇಳುವುದು ಕಷ್ಟ, ಕಡತವಿದ್ದುದು ಗುಮಾಸ್ತರ ಬಳಿ.

ನನ್ನ ಹಿಂದಿದ್ದವರು ಅಡಿಕೆ ವ್ಯಾಪಾರದ ಸಾಬರು. ಎಲ್ಲಿ ನೋಡಬೇಕೆಂದು ತಿಳಿಯದೆ ಅವರು ಫ್ಯಾನು ನೋಡುತ್ತಿದ್ದರು, ಅದೂ ತಿರುಗುತ್ತಿರಲಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಹಣಗೆರೆಕಟ್ಟೆಯಲ್ಲಾದರೆ ದರ್ಗಾ, ಭೂತರಾಯ, ಚೌಡೇಶ್ವರಿ ಎಲ್ಲ ಒಂದೇ ಸೂರಿನಡಿ. ಅಲ್ಲಿ ನಾವಿಬ್ಬರೂ ಹೆಗಲಿಗೆ ಹೆಗಲು ತಾಗಿಸಿ ನಿಂತೇವು, ಯಾರೂ ಫ್ಯಾನು ನೋಡಬೇಕಿಲ್ಲ. ಅಲ್ಲಿ ಯಾರ ಕೈಯಲ್ಲೂ ನಮ್ಮ ಪಹಣಿ ಇರುವುದಿಲ್ಲವಲ್ಲ!

ಹಾಗೆಂದು ನಾನೇನು ಸಾಚಾ ಅಲ್ಲ. ಆಯುಧಪೂಜೆಗೆ ಇದೇ ಕಚೇರಿಯ ಕಂಪ್ಯೂಟರಿಗೆ ಕುಂಕುಮ ಹಚ್ಚಿದಾಗ ಎರಡು ಸಲ ಕೈಯೊಡ್ಡಿ ಮಂಡಕ್ಕಿ ತಿಂದಿದ್ದೇನೆ.

ಅಮೆರಿಕದವರು ಇದನ್ನೆಲ್ಲ ಕೋರ್ಟಿಗೆ ಒಯ್ಯುತ್ತಾರೆ. ಧರ್ಮಕ್ಕೂ ಸರ್ಕಾರಕ್ಕೂ ನಡುವೆ ಗೋಡೆ ಇರಬೇಕೆಂದು ಅವರ ಅಧ್ಯಕ್ಷ ಜೆಫರ್ಸನ್ 1802ರಲ್ಲೇ ಕಾಗದ ಬರೆದಿದ್ದ. 2005ರ ಜೂನ್ 27ರಂದು ಅಲ್ಲಿನ ಸುಪ್ರೀಂ ಕೋರ್ಟು ಕೆಂಟಕಿಯ ನ್ಯಾಯಾಲಯದಲ್ಲಿ ತೂಗುಹಾಕಿದ್ದ ಬೈಬಲ್ಲಿನ ದಶಾಜ್ಞೆಗಳು ಸಲ್ಲದು ಎಂದಿತು. ಆದರೆ ಅದೇ ದಿನ, ಟೆಕ್ಸಾಸ್ ಶಾಸನಸಭೆಯ ಅಂಗಳದಲ್ಲಿ ನಲವತ್ತು ವರ್ಷದಿಂದ ನಿಂತಿದ್ದ ದಶಾಜ್ಞೆಯ ಕಲ್ಲು ಇರಲಿ ಎಂದಿತು. ಎರಡೂ ಕಡೆ ಐದಕ್ಕೆ ನಾಲ್ಕು ಮತ. ನಮ್ಮ ಸಂವಿಧಾನದ 28ನೇ ವಿಧಿ ಪೂರ್ತಿ ಸರ್ಕಾರಿ ದುಡ್ಡಿನ ಶಾಲೆಯಲ್ಲಿ ಧರ್ಮಬೋಧನೆ ಬೇಡವೆನ್ನುತ್ತದೆ, ಕಚೇರಿಯ ಮೊಳೆಯ ಸುದ್ದಿ ಎತ್ತುವುದಿಲ್ಲ. ಅವರಿಗೆ ಗೋಡೆ ಬೇಕಾದದ್ದು ನಡುವೆ ಕಟ್ಟಲು, ನಮಗೆ ಮೊಳೆ ಹೊಡೆಯಲು.

ಚೌತಿಯ ಹೊತ್ತಿಗೆ ಮತ್ತೆ ಹೋದೆ. ಸುಣ್ಣ ಬಳಿಯಲೆಂದು ಪಟಗಳನ್ನೆಲ್ಲ ಇಳಿಸಿದ್ದರು. ಮಳೆಗೆ ಹಸಿರು ಬೂಷ್ಟು ಹಿಡಿದ ಗೋಡೆಯಲ್ಲಿ ಐದು ಬಿಳಿ ಚೌಕಗಳು. ಯಾವುದು ಗಣಪತಿಯದು, ಯಾವುದು ಗಾಂಧೀಜಿಯದು ಎಂದು ಗುರುತು ಹತ್ತಲಿಲ್ಲ. ಒಂದು ಮೊಳೆಗೆ ಗುಮಾಸ್ತರು ತಮ್ಮ ಕೊಡೆ ನೇತುಹಾಕಿದ್ದರು.

ಅಭ್ಯಾಸಬಲ, ನನ್ನ ಕೈ ಆಗಲೇ ಮೇಲೆದ್ದಿತ್ತು. ಇಳಿಸಲು ಸಂಕೋಚವಾಗಿ ಕೊಡೆಗೇ ಮುಗಿದೆ.

"ನಿಮ್ಮದು ಇನ್ನೂ ಆಗಿಲ್ಲ ಮಾರಾಯರೇ," ಎಂದರು ಗುಮಾಸ್ತರು.