ಅದು ಮಷೀನ್ ಅಲ್ಲ ಕಣಪ್ಪಾ

ನಿನ್ನೆ ಸಂಜೆ ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಹತ್ತಿದೆ. ನೇರಳೆ ಲೈನು, ಆರೂವರೆ ಗಂಟೆ. ಸೀಟಿನ ಮಾತು ಬಿಡಿ, ಕಂಬ ಹಿಡಿಯೋಕೂ ಪೈಪೋಟಿ. ಪಕ್ಕದಲ್ಲಿ ಕಾಲೇಜು ಬ್ಯಾಗಿನ ಇಬ್ಬರು ಹುಡುಗರು. ಮಾಗಡಿ ರೋಡ್ ದಾಟಿದ ಮೇಲೆ ಎಂದಿನ ದನಿ ಬಂತು. "ಮುಂದಿನ ನಿಲ್ದಾಣ, ಶ್ರೀ ಬಾಲಗಂಗಾಧರನಾಥ ಸ್ವಾಮೀಜಿ ನಿಲ್ದಾಣ, ಹೊಸಹಳ್ಳಿ."

ಒಬ್ಬ ಹುಡುಗ ಕೇಳಿದ: "ಈ ವಾಯ್ಸ್ ಎಐ ಅಲ್ವಾ ಮಚ್ಚಾ?"

ಇನ್ನೊಬ್ಬ: "ಪಕ್ಕಾ ಎಐ. ಮನುಷ್ಯರು ಯಾರೋ ಇಷ್ಟು ನೀಟಾಗಿ ಕನ್ನಡ ಮಾತಾಡ್ತಾರೆ?"

ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಸಿಟ್ಟು ನಿಮಗೆಲ್ಲ ಗೊತ್ತಿರೋದೇ. ಆದರೆ ಒಂದು ನಿಮಿಷ ಬಿಟ್ಟು ಯೋಚಿಸಿದರೆ ಆ ಹುಡುಗನ ಎರಡನೇ ಮಾತು ಇದೆಯಲ್ಲ, ಅದಕ್ಕಿಂತ ದೊಡ್ಡ ಹೊಗಳಿಕೆ ಆ ದನಿಯ ಒಡತಿ, ನಿರೂಪಕಿ ಅಪರ್ಣಾ ಅವರಿಗೆ ಬದುಕಿದ್ದಾಗಲೂ ಸಿಕ್ಕಿರಲಿಕ್ಕಿಲ್ಲ. ಹೊಗಳಿದ್ದು ಅಂತ ಅವನಿಗೇ ಗೊತ್ತಿಲ್ಲ ಅಷ್ಟೇ.

ಬಾಲಗಂಗಾಧರನಾಥ. ಒಂದು ಸಲ ಜೋರಾಗಿ ಹೇಳಿ ನೋಡಿ. 'ಧ' ಒಂದು, 'ಥ' ಒಂದು, ಕೊನೆಯಲ್ಲಿ ಹೊಸಹಳ್ಳಿಯ ಎರಡು 'ಹ'. ಮಂಡ್ಯ ಕಡೆಯ ನನ್ನ ಬಾಯಲ್ಲಿ ಅದು 'ವಸಳ್ಳಿ'. ನಮ್ಮೂರಲ್ಲಿ ಹಾಲು ಆಲಾಗುತ್ತೆ, ಹೂವು ಊವಾಗುತ್ತೆ. ಇದನ್ನು ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ, ಇಲ್ಲಿ ಹೇಳ್ತಿದ್ದೀನಿ: ಡಿಗ್ರಿ ಮುಗಿದ ವರ್ಷ ರೇಡಿಯೋದಲ್ಲಿ ನಿರೂಪಕಿ ಆಗಬೇಕು ಅಂತ ಆಡಿಷನ್‌ಗೆ ಹೋಗಿದ್ದೆ. ಹತ್ತು ಸಾಲು ಓದಲು ಕೊಟ್ಟರು. ಮೂರನೇ ಸಾಲಿಗೇ ಸಾಕು ಅಂದರು. ಯಾವ ಊರು ಅಂತ ಕೇಳಬೇಡಿ. ತಪ್ಪು ಅವರದಲ್ಲ, ನನ್ನ ಹಕಾರದ್ದು. ಅವತ್ತಿನಿಂದ ದೂರದರ್ಶನದಲ್ಲಿ ಅಪರ್ಣಾ ಬಂದಾಗೆಲ್ಲ ಪಾತ್ರೆ ತೊಳೆಯುವುದನ್ನು ಬಿಟ್ಟು ಬಂದು ನಿಲ್ಲುತ್ತಿದ್ದೆ. ಅರ್ಧ ಖುಷಿಗೆ, ಅರ್ಧ ಹೊಟ್ಟೆಕಿಚ್ಚಿಗೆ. ಎಲ್ಲಾದರೂ ಒಂದು ಕಡೆ ತಪ್ಪುತ್ತಾರಾ ಅಂತ ಕಾದಿದ್ದೇ ಬಂತು.

2024ರ ಜುಲೈ 11ರಂದು ಅವರು ಹೋದರು. 57 ವರ್ಷ. ಶ್ವಾಸಕೋಶದ ಕ್ಯಾನ್ಸರ್. ಅವತ್ತು ರಾತ್ರಿ ನನ್ನ ಫೇಸ್‌ಬುಕ್ ತುಂಬಾ ಒಂದೇ ಸಾಲು. "ಮೆಟ್ರೋ ದನಿ ನಿಂತಿತು." ನಿಂತಿತಾ? ಅದನ್ನು ಬರೆದವರೇ ಮಾರನೇ ಬೆಳಗ್ಗೆ ಅದೇ ದನಿ ಕೇಳಿಕೊಂಡು ಆಫೀಸಿಗೆ ಹೋದರು. ಇರಲಿ, ದುಃಖದಲ್ಲಿ ಬರೆದದ್ದಕ್ಕೆ ತಕರಾರು ತೆಗೆಯಬಾರದು. ನನ್ನ ಜಗಳ ಇರೋದು ಬೇರೆ ಕಡೆ. ಒಬ್ಬ ಮನುಷ್ಯರು ಸತ್ತ ತಕ್ಷಣ ನಾವು ಅವರನ್ನು ಒಂದು ಸಾಲಿಗೆ ಮಡಚಿ ಇಟ್ಟುಬಿಡ್ತೀವಲ್ಲ, ಅದು.

ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರ ಮಸಣದ ಹೂವು ಮೂಲಕ ಬಂದ ಹುಡುಗಿ ಆಕೆ. ಆಮೇಲೆ ರೇಡಿಯೋ, ದೂರದರ್ಶನ, ಧಾರಾವಾಹಿ, ಲೆಕ್ಕವಿಲ್ಲದಷ್ಟು ವೇದಿಕೆ. ಅಷ್ಟೆಲ್ಲ ಶಿಸ್ತಿನ ಕನ್ನಡ ಮಾತಾಡಿದವರು ಟಿವಿಯ ಕಾಮಿಡಿ ಶೋ ಮಜಾ ಟಾಕೀಸ್‌ಗೆ ಬಂದು 'ಒನ್ ಅಂಡ್ ಓನ್ಲಿ ವರಲಕ್ಷ್ಮಿ' ಅಂತ ಜಂಬ ಕೊಚ್ಚಿಕೊಳ್ಳುವ ಹೆಂಗಸಾದರು. ಮೂವತ್ತು ವರ್ಷ ಕಾಪಾಡಿಕೊಂಡ ಗಾಂಭೀರ್ಯವನ್ನು ತಾವೇ ಗೇಲಿ ಮಾಡಿಕೊಳ್ಳೋಕೆ ಎಷ್ಟು ಧೈರ್ಯ ಬೇಕು ಹೇಳಿ. ನನಗಂತೂ ಅವರ ನಿರೂಪಣೆಗಿಂತ ವರಲಕ್ಷ್ಮಿಯೇ ಜಾಸ್ತಿ ಇಷ್ಟ. ಇದೆಲ್ಲ ಸೇರಿ ಕೊನೆಗೆ ಉಳಿದಿದ್ದೇನು? ಮೆಟ್ರೋ ದನಿ. ಎರಡು ವರ್ಷ ಆಗುವಷ್ಟರಲ್ಲಿ ಅದೂ ಎಐ ಆಯಿತು.

ಹಾಸ್ಯನಟ ಎಂ.ಎಸ್. ಉಮೇಶ್ ಅವರದ್ದೂ ಇದೇ ಕತೆ. 2025ರ ನವೆಂಬರ್ 30ಕ್ಕೆ ತೀರಿಕೊಂಡರು, 80 ವರ್ಷ. ಅವತ್ತು ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಬಂದ ಹದಿನೇಳು ಮೆಸೇಜಲ್ಲಿ ಹದಿನಾಲ್ಕು "ಅಪಾರ್ಥ ಮಾಡ್ಕೋಬೇಡಿ" ಅಂತಲೇ ಇದ್ದವು. ಹೌದು, ನಾನು ಎಣಿಸಿದೆ. ನನಗೆ ಬೇರೆ ಕೆಲಸ ಇಲ್ಲ ಅಂತ ಅಂದುಕೊಳ್ಳಿ. ಗೋಲ್‌ಮಾಲ್ ರಾಧಾಕೃಷ್ಣದಲ್ಲಿ ಆ ಡೈಲಾಗ್ ಹೊಡೆಯುವ ಅವರ ಸೀತಾಪತಿಗೆ ನಾನೂ ಬಿದ್ದು ಬಿದ್ದು ನಕ್ಕವಳೇ. ಆದರೆ ಇದೇ ಉಮೇಶ್ ಕಥಾಸಂಗಮದಲ್ಲಿ ಏನು ಮಾಡಿದ್ದರು ಅಂತ ನೋಡಿದ್ದೀರಾ? ಪುಟ್ಟಣ್ಣನವರದ್ದೇ ಚಿತ್ರ, 1976. ಅದರ ಒಂದು ಕತೆಯಲ್ಲಿ ಆರತಿ ಕುರುಡಿ ಮುನಿತಾಯಿ. ಅವಳ ಬಾಳು ಕೆಡಿಸುವ ಕೇಡಿಗರಲ್ಲಿ ಒಬ್ಬ ರಜನಿಕಾಂತ್. ಇನ್ನೊಬ್ಬ ನಮ್ಮ ಉಮೇಶ್. ಎಲ್ಲರೂ ರಜನಿಯನ್ನು ನೋಡೋಕೆ ಅಂತ ಆ ಚಿತ್ರ ಹಾಕುತ್ತಾರೆ. ನನಗೆ ರಾತ್ರಿ ನಿದ್ದೆ ಕೆಡಿಸಿದ್ದು ಉಮೇಶ್. ರಾಜ್ಯ ಪ್ರಶಸ್ತಿ ಸಿಕ್ಕಿದ್ದೂ ಆ ಪಾತ್ರಕ್ಕೇ.

ಚಿಕ್ಕ ಹುಡುಗನಾಗಿದ್ದಾಗಲೇ ಕಂಪನಿ ನಾಟಕದಲ್ಲಿ ಬಣ್ಣ ಹಚ್ಚಿದವರು. 1960ರಲ್ಲಿ ಬಿ.ಆರ್. ಪಂತುಲು ಅವರ ಮಕ್ಕಳ ರಾಜ್ಯ ಚಿತ್ರಕ್ಕೆ ಹೀರೋ. ಹೀರೋ ರೀ! ಆಮೇಲೆ ಸಿನಿಮಾದವರು ಮರೆತೇಬಿಟ್ಟರು. ಪುಟ್ಟಣ್ಣ ಮತ್ತೆ ಕರೆಯುವ ಹೊತ್ತಿಗೆ ಹದಿನೈದು ವರ್ಷ ಕಳೆದಿತ್ತು. ಇದನ್ನೆಲ್ಲ ಯಾವ ಮೀಮಿನಲ್ಲಿ ತುರುಕೋದು?

ಫೋನಿನಲ್ಲಿ ಇದನ್ನೆಲ್ಲ ನನ್ನ ತಂಗಿಯ ಹತ್ತಿರ ಒದರಿದೆ. ಅವಳಂದಳು, "ಅಕ್ಕಾ, ಒಂದು ಸಾಲಾದರೂ ನೆನಪಿದೆಯಲ್ಲ. ನಮ್ಮನ್ನ ಯಾರು ಅಷ್ಟೂ ನೆನಪಿಟ್ಕೋತಾರೆ?" ಸರಿಯಾದ ಮಾತು ಅಂತ ಅನ್ನಿಸಿತು. ಎಷ್ಟು ಹೊತ್ತು? ಕಾಫಿ ಕುಡಿದು ಲೋಟ ತೊಳೆಯುವಷ್ಟು ಹೊತ್ತು. ನಾನು, ನನ್ನ ತಂಗಿ ಯಾರೂ ಮುನಿತಾಯಿಯ ಕತೆಯಲ್ಲಿ ಪಾತ್ರ ಮಾಡಿಲ್ಲವಲ್ಲ ತಾಯಿ! ನಮ್ಮನ್ನು ಮರೆತರೆ ಯಾರಿಗೂ ಏನೂ ನಷ್ಟ ಇಲ್ಲ.

ಇಷ್ಟು ಹಾರಾಡುವ ನಾನೇನು ಸಾಚಾ ಅಲ್ಲ. 2020 ನೆನಪಿದೆಯಾ? ಸೆಪ್ಟೆಂಬರ್ 25ಕ್ಕೆ ಎಸ್‌ಪಿಬಿ ಹೋದರು. ಮನೆಯೊಳಗೆ ಕೂತು ಅತ್ತೆವು. ನಾನು ವಾರಪೂರ್ತಿ ದಿನಕ್ಕೊಂದು ಹಾಡು ಹಾಕಿದೆ. ಮೊದಲನೆಯದು ಬಯಲು ದಾರಿಯ "ಎಲ್ಲಿರುವೆ". ಅನಂತ್‌ನಾಗ್ ಪುಟ್ಟ ವಿಮಾನದಲ್ಲಿ ಹಾರಿಕೊಂಡು ಹಾಡುತ್ತಾರಲ್ಲ, ಅದೇ. ಅದರ ಕೆಳಗೆ ಉದ್ದಕ್ಕೆ ಬರೆದೆ. ಎಸ್‌ಪಿಬಿ ದನಿ, ಅನಂತ್‌ನಾಗ್ ನಗು, ಕಲ್ಪನಾ, ನನ್ನ ಕಾಲೇಜು ದಿನಗಳು, ಎಲ್ಲ ಇತ್ತು. ರಾಗ ಹಾಕಿದ ರಾಜನ್-ನಾಗೇಂದ್ರ ಹೆಸರು? ಇರಲಿಲ್ಲ. ಆಗ ರಾಜನ್ ಅವರು ಇದೇ ಬೆಂಗಳೂರಿನಲ್ಲಿ ಬದುಕಿದ್ದರು. ಹದಿನಾರೇ ದಿನ, ಅಕ್ಟೋಬರ್ 11ಕ್ಕೆ ಅವರೂ ಹೋದರು. 87 ವರ್ಷ.

ಈಗ ಕೇಳಿ ನನ್ನ ಘನಕಾರ್ಯ. ಗಡಿಬಿಡಿಯಲ್ಲಿ ಅಣ್ಣ-ತಮ್ಮ ಇಬ್ಬರೂ ಇರುವ ಒಂದು ಫೋಟೋ ಹುಡುಕಿದೆ. ಅದರಲ್ಲಿ ಒಬ್ಬರನ್ನು ಮಾತ್ರ ಕತ್ತರಿಸಿ ತೆಗೆದು "ರಾಜನ್ ಸರ್‌ಗೆ ನಮನ" ಅಂತ ಹಾಕಿದೆ. ಅದು ನಾಗೇಂದ್ರ. 2000ದಲ್ಲೇ ತೀರಿಕೊಂಡಿದ್ದ ನಾಗೇಂದ್ರ. ನೂರಾ ಹನ್ನೆರಡು ಜನ ಕೈಮುಗಿದರು. ಮೂರನೇ ದಿನ ಹಳೆಯ ಸ್ನೇಹಿತರೊಬ್ಬರು ಇನ್‌ಬಾಕ್ಸಿಗೆ ಬಂದು ಮೆಲ್ಲಗೆ ಹೇಳಿದರು, "ಮೇಡಂ, ಇವರು ತಮ್ಮ." ಸದ್ದಿಲ್ಲದೆ ಡಿಲೀಟ್ ಮಾಡಿದೆ. ತಪ್ಪಾಯಿತು ಅಂತ ಒಂದು ಸಾಲು ಬರೆಯುವ ಯೋಗ್ಯತೆಯೂ ಇರಲಿಲ್ಲ. ಎರಡು ಕನಸು, ಬಯಲು ದಾರಿ, ಗಂಧದ ಗುಡಿ ಅಂತ ಚಿಕ್ಕಂದಿನಿಂದ ಅವರ ಹಾಡಲ್ಲೇ ಬೆಳೆದವಳು ನಾನು. ಅಂಥವಳಿಗೆ ಅವರ ಮುಖ ಗೊತ್ತಿಲ್ಲ. ರಾಜ್ಯೋತ್ಸವ ಬಂದರೆ ಸಾಕು, ಅವರದೇ ರಾಗದ "ನಾವಾಡುವ ನುಡಿಯೇ" ಹಾಡಿಗೆ ಎದ್ದು ನಿಂತು ಚಪ್ಪಾಳೆ ಹೊಡೀತೀನಿ. ಅದನ್ನು ರಾಜ್‌ಕುಮಾರ್ ಹಾಡು ಅಂತೀನಿ. ಈಗಲೂ ಬಾಯಲ್ಲಿ ಮೊದಲು ಬರೋದು ಅದೇ.

ಆ ಹುಡುಗರ ಮೇಲೆ ಅಷ್ಟು ಸಿಟ್ಟು ಬಂದಿದ್ದು ಯಾಕೆ ಅಂತ ರಾತ್ರಿ ಮಲಗಿದಾಗ ಗೊತ್ತಾಯಿತು.

ಆದರೆ ಮೆಟ್ರೋದಲ್ಲಿ ಅಷ್ಟೆಲ್ಲ ಹೊಳೆಯಬೇಕಲ್ಲ. ಹೊಸಹಳ್ಳಿಯಲ್ಲಿ ಬಾಗಿಲು ಮುಚ್ಚುತ್ತಿದ್ದಂತೆ ಬಾಯಿ ತೆರೆದೇಬಿಟ್ಟೆ. "ಅದು ಮಷೀನ್ ಅಲ್ಲ ಕಣಪ್ಪಾ. ಅಪರ್ಣಾ ಅಂತ. ಮಜಾ ಟಾಕೀಸ್ ವರಲಕ್ಷ್ಮಿ ಗೊತ್ತಿಲ್ವಾ?"

ಹುಡುಗ ಇಯರ್‌ಫೋನ್ ತೆಗೆದ. "ಅವ್ರಾ! ಚಿಕ್ಕೋನಿದ್ದಾಗ ನಮ್ಮಜ್ಜಿ ಜೊತೆ ನೋಡ್ತಿದ್ದೆ. ಅವರೇನಾ ಇದು? ಈಗ ಯಾವ ಸೀರಿಯಲ್ ಮಾಡ್ತಿದ್ದಾರೆ ಆಂಟಿ?"

ಆಂಟಿ ಅಂದಿದ್ದನ್ನೂ ಸಹಿಸಿಕೊಂಡೆ. ತೀರಿಕೊಂಡರು ಅಂತ ಹೇಳೋಕೆ ಯಾಕೋ ಗಂಟಲು ಬರಲಿಲ್ಲ. ಅಷ್ಟರಲ್ಲಿ ಮೇಲಿನಿಂದ ಅವರೇ ಹೇಳಿದರು, "ಮುಂದಿನ ನಿಲ್ದಾಣ, ವಿಜಯನಗರ."

ಇಳಿದು ಬಂದೆ.