ಧ್ವನಿ: ಮಳೆರಾಯ

ನಮ್ಮ ಕಾಲೇಜಿನಲ್ಲಿ ಪತ್ರಿಕೋದ್ಯಮ ತೆಗೆದುಕೊಂಡವರು ಆರು ಜನ. ಇದ್ದ ಒಂದೇ ಕ್ಯಾಮೆರಾ ಬೂಷ್ಟು ಹಿಡಿಯದಿರಲೆಂದು ಮಳೆಗಾಲವಿಡೀ ಅಕ್ಕಿ ಡಬ್ಬಿಯಲ್ಲಿರುತ್ತಿತ್ತು. ಕೊಡಗಿನ ಮಳೆಗಾಲವೆಂದರೆ ವರ್ಷದ ಅರ್ಧ ಪಾಲು.

ಜುಲೈ 1ರ ಪತ್ರಿಕಾ ದಿನಕ್ಕೆ ಗೋಡೆ ಪತ್ರಿಕೆ ತಂದೆವು. 1843ರ ಅದೇ ದಿನ ಮೋಗ್ಲಿಂಗ್ ಹೊರತಂದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಕಲ್ಲಚ್ಚಿನದು. ನಮ್ಮದು ಇಂಕು ಪೆನ್ನಿನದು. ಮೂರನೆಯ ದಿನ ಸಂಪಾದಕೀಯ ಇಳಿದು ಬಂದು ಕ್ರೀಡಾ ಸುದ್ದಿಯೊಳಗೆ ಸೇರಿಕೊಂಡಿತ್ತು.

ಸಂವಹನ ಸಿದ್ಧಾಂತದ ಪಾಠ ಶುರುವಾದದ್ದೂ ಆಗಲೇ. 1948ರಲ್ಲಿ ಶಾನನ್ ಎಂಬ ಅಮೆರಿಕದ ಗಣಿತಜ್ಞ ಹೇಳಿದ ಪ್ರಕಾರ, ಸಂದೇಶ ಸಾಗುವ ದಾರಿಯಲ್ಲಿ 'ಗದ್ದಲ' ಎಂಬುದು ನುಸುಳಿ ಅದನ್ನು ಕೆಡಿಸುತ್ತದೆಯಂತೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದು. ತರಗತಿಯಲ್ಲಿ ಮೇಷ್ಟ್ರು ಏನು ಹೇಳಿದರೋ, ತಗಡಿನ ಮಾಡಿನ ಕೆಳಗೆ ಅವರ ಬಾಯಿ ಆಡುವುದಷ್ಟೇ ಕಂಡಿತು.

ಆಂತರಿಕ ಅಂಕಕ್ಕೆ ಹತ್ತು ನಿಮಿಷದ ಧ್ವನಿ ಸಂದರ್ಶನ ಮಾಡಬೇಕಿತ್ತು. ನಾನು ಪಕ್ಕದ ತೋಟದ ಅಜ್ಜನನ್ನು ಆರಿಸಿಕೊಂಡೆ. ಕಾಫಿ ಬೆಳೆಗಾರರಲ್ಲಿ ಅನೇಕರಂತೆ ಅವರೂ ಮಳೆಯ ಲೆಕ್ಕ ಬರೆದಿಡುವವರು. ನಾನು ಕಾಲಿನ ಜಿಗಣೆಗಳಿಗೆ ಉಪ್ಪು ಹಾಕಿ ಮುಗಿಸುವಷ್ಟರಲ್ಲಿ ಅವರೇ ಸಂದರ್ಶನ ಆರಂಭಿಸಿದ್ದರು. "ಯಾರ ಮಗಳು? ನಿಮ್ಮಲ್ಲಿ ಎಷ್ಟು ಬಂತು?" ಎಷ್ಟು ಅಂದರೆ ಮಳೆ. ನನಗೆ ಗೊತ್ತಿರಲಿಲ್ಲ. ವರದಿಗಾರ್ತಿಯ ಮೇಲೆ ಅವರಿಗಿದ್ದ ನಂಬಿಕೆ ಅಲ್ಲಿಗೆ ಹೋಯಿತು.

ಕೊಡೆ ಹಿಡಿದು ಅಂಗಳಕ್ಕಿಳಿದರು. ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ತೇಲುತ್ತಿದ್ದ ಇರುವೆಯನ್ನು ಕಿರುಬೆರಳಿನಿಂದ ತೆಗೆದು, ಕಣ್ಣಿನ ಮಟ್ಟಕ್ಕೆ ಹಿಡಿದರು. "4 ಇಂಚು 20 ಸೆಂಟ್." ಸೆಂಟ್ ಎಂದರೆ ಇಂಚಿನ ನೂರರಲ್ಲೊಂದು ಪಾಲು. ಡೈರಿಯಲ್ಲಿ ಬರೆದ ಮೇಲೂ ಒಂದು ಸಲ ಗಾಜನ್ನು ನೋಡಿಕೊಂಡರು. ಆಮೇಲೆ ಜಗಲಿಯಲ್ಲಿ ಕುಳಿತು, ಕರಿಮೆಣಸಿನ ಬಳ್ಳಿ ಕೊಳೆತ ವರ್ಷ, ರಸ್ತೆ ಕುಸಿದ ವರ್ಷ, ಎಲ್ಲವನ್ನೂ ಹೇಳಿದರು. ನಾನು ಮೊಬೈಲನ್ನು ಭಕ್ತಿಯಿಂದ ಅವರ ಮುಂದೆ ಹಿಡಿದಿದ್ದೆ. ಇಯರ್‌ಫೋನ್ ಹಾಕಿ ಒಮ್ಮೆ ಕೇಳಿ ನೋಡಬೇಕೆಂಬ ಬುದ್ಧಿ ಮಾತ್ರ ಬರಲಿಲ್ಲ.

ಮರುದಿನ ತರಗತಿಯಲ್ಲಿ ಸ್ಪೀಕರಿಗೆ ಸೇರಿಸಿ ಹಾಕಿದೆ. ಒಂದೇ ಸಮನೆ ಭೋರೆಂಬ ಸದ್ದು, ನಡುನಡುವೆ ಅಜ್ಜನ ಕೆಮ್ಮು. ಮೇಷ್ಟ್ರು ಎರಡು ನಿಮಿಷ ಸಹಿಸಿಕೊಂಡು, ಕೈ ಬೀಸಿ ಕೂಗಿದರು: "ಸಾಕು, ನಿಲ್ಲಿಸು!"

"ಆಗಲೇ ನಿಲ್ಲಿಸಿದ್ದೇನೆ ಸರ್," ಎಂದು ನಾನೂ ಕೂಗಿದೆ. "ಇದು ಹೊರಗಿನದು!"

ಅವರಿಗೆ ಕೇಳಿಸಲಿಲ್ಲ.